ವಿಶಾಖಪಟ್ಟಣದ ಕಡಲತೀರ ಮತ್ತು ‘ಕುರ್ಸುರಾ’

ಪ್ರಶ್ನೆ: ದಸರಾ ರಜೆಯಲ್ಲಿ ಒಂಬತ್ತು ಮತ್ತು ಹದಿಮೂರು ವರ್ಷದ ಮಕ್ಕಳು ಹಾಗೂ ಎಪ್ಪತ್ತು ದಾಟಿದ ನಮ್ಮ ಅತ್ತೆಯವರೊಂದಿಗೆ ವಿಶಾಖಪಟ್ಟಣಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿನ ಕಡಲತೀರದಲ್ಲಿ ಇಟ್ಟಿರುವ ಜಲಾಂತರ್ಗಾಮಿಯೇ 1971ರ ಯುದ್ಧದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ಯನ್ನು ಮುಳುಗಿಸಿದ್ದು ಎಂದು ಮಗ ವಾದಿಸುತ್ತಾನೆ. ಇದು ನಿಜವೇ? ಅಲ್ಲಿ ಮಕ್ಕಳು ನೀರಿಗಿಳಿಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆರ್.ಕೆ. ಬೀಚ್ ಎಂದೇ ಹೆಸರಾದ ರಾಮಕೃಷ್ಣ ಕಡಲತೀರದಲ್ಲಿ ಒಳಸೆಳೆತ ಬಲವಾಗಿದ್ದು, ಈಜಲು ಹೋದವರು ಜೀವ ಕಳೆದುಕೊಂಡಿರುವುದರಿಂದ, ಮಕ್ಕಳು ಮರಳಿನಲ್ಲಿ ಆಡಲಿ, ನೀರಿಗೆ ಮಾತ್ರ ಇಳಿಯದಿರಲಿ.

ನಿಮ್ಮ ಮಗನಂತೆ ತಿಳಿದವರು ಬಹಳ ಮಂದಿ ಇದ್ದಾರೆ, ಆದರೆ ಅದು ನಿಜವಲ್ಲ. ತೀರದಲ್ಲಿರುವ ‘ಕುರ್ಸುರಾ’ 1969ರಲ್ಲಿ ನೌಕಾಪಡೆಗೆ ಸೇರಿದ ಸೋವಿಯತ್ ನಿರ್ಮಿತ ಜಲಾಂತರ್ಗಾಮಿ. 1971ರ ಯುದ್ಧಕಾಲದಲ್ಲಿ ಅದು ಅರಬ್ಬಿ ಸಮುದ್ರದಲ್ಲಿ ಗಸ್ತಿನಲ್ಲಿತ್ತು. ‘ಘಾಜಿ’ ಮುಳುಗಿದ್ದು ಬಂಗಾಳ ಕೊಲ್ಲಿಯಲ್ಲಿ, ವಿಶಾಖಪಟ್ಟಣದ ಬಂದರಿಗೆ ಸಮೀಪದಲ್ಲೇ. ನಮ್ಮ ವಿಮಾನವಾಹಕ ನೌಕೆ ‘ವಿಕ್ರಾಂತ್’ ಅನ್ನು ಹುಡುಕಿಕೊಂಡು ಅದು ಬಂದಿತ್ತು. ‘ವಿಕ್ರಾಂತ್’ ಆಗಲೇ ಅಂಡಮಾನಿನತ್ತ ತೆರಳಿತ್ತು, ಆದರೆ ಅದು ಇಲ್ಲೇ ಇದೆ ಎಂದು ನಂಬಿಸಲು ‘ರಜಪೂತ್’ ಎಂಬ ಹಳೆಯ ಯುದ್ಧನೌಕೆಯಿಂದ ಹುಸಿ ಸಂದೇಶಗಳನ್ನು ಬಿತ್ತರಿಸಲಾಗಿತ್ತು. ಡಿಸೆಂಬರ್ 3ರ ಮಧ್ಯರಾತ್ರಿಯ ಆಸುಪಾಸಿನಲ್ಲಿ ‘ಘಾಜಿ’ ಸ್ಫೋಟಗೊಂಡಿತು. ‘ರಜಪೂತ್’ ಹಾಕಿದ, ನೀರಿನಾಳದಲ್ಲಿ ಸಿಡಿಯುವ ಗುಂಡುಗಳೇ ಕಾರಣವೆಂದು ಭಾರತ ಹೇಳಿದರೆ, ಅದು ಒಳಗಿನ ಸ್ಫೋಟ ಅಥವಾ ತಾನೇ ಸಮುದ್ರದಲ್ಲಿ ಹಾಸಿದ ಸಿಡಿಬಾಂಬಿನಿಂದಾದ (ಮೈನ್) ಅಪಘಾತವೆಂದು ಪಾಕಿಸ್ತಾನ ಹೇಳುತ್ತದೆ. ತೀರದಲ್ಲಿರುವ ‘ವಿಕ್ಟರಿ ಅಟ್ ಸೀ’ ಸ್ಮಾರಕ ಆ ಯುದ್ಧದ ಗೆಲುವಿನ ನೆನಪಿಗೆ ನಿಂತಿದ್ದು. ಅದರ ಮುಂದೆ ನಿಂತಾಗ, ‘ಘಾಜಿ’ಯಲ್ಲಿದ್ದ ತೊಂಬತ್ತಕ್ಕೂ ಹೆಚ್ಚು ನಾವಿಕರಲ್ಲಿ ಒಬ್ಬರೂ ಬದುಕುಳಿಯಲಿಲ್ಲ ಎಂಬುದನ್ನೂ ಹದಿಮೂರರ ಮಗನಿಗೆ ಹೇಳಿ; ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆದೀತು. ಅಂದಹಾಗೆ, ಡಿಸೆಂಬರ್ 4ರಂದು ಆಚರಿಸುವ ನೌಕಾಪಡೆ ದಿನಕ್ಕೆ ನೆಪ ‘ಘಾಜಿ’ಯಲ್ಲ, ಆ ರಾತ್ರಿ ಕರಾಚಿಯ ಮೇಲೆ ನಡೆದ ಕ್ಷಿಪಣಿ ದಾಳಿ.

1971ಕ್ಕೂ ಮೊದಲು, 1942ರಲ್ಲೂ ಈ ಊರು ಯುದ್ಧವನ್ನು ಕಂಡಿತ್ತು. ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಇಲ್ಲಿ ಬಾಂಬ್ ಹಾಕಿದ್ದವು.

‘ಕುರ್ಸುರಾ’ 2001ರಲ್ಲಿ ನಿವೃತ್ತವಾಗಿ, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಸುಮಾರು 91 ಮೀಟರ್ ಉದ್ದದ ಆ ಉಕ್ಕಿನ ಕೊಳವೆಯೊಳಗೆ ಎಪ್ಪತ್ತೈದರಷ್ಟು ಜನ, 22 ಟಾರ್ಪೆಡೊಗಳ ನಡುವೆ ಹೇಗೆ ಬಾಳಿದರೆಂಬುದನ್ನು ಕಣ್ಣಾರೆ ಕಂಡರೆ ನಿಮ್ಮ ಚಿಕ್ಕ ಮಗುವಿಗೂ ವಿವರಣೆ ಬೇಕಾಗದು. ಆದರೆ ಒಳಗಿನ ದಾರಿ ಇಕ್ಕಟ್ಟು, ದ್ವಾರಗಳಲ್ಲಿ ಬಗ್ಗಿ ನಡೆಯಬೇಕು. ಮಂಡಿನೋವಿದ್ದರೆ ಅತ್ತೆಯವರಿಗೆ ಕಷ್ಟವಾಗುತ್ತದೆ. ರಸ್ತೆಯಾಚೆ 2017ರಲ್ಲಿ ತೆರೆದ, ನೌಕಾಪಡೆಯ ಗಸ್ತು ವಿಮಾನ ಟಿಯು-142ರ ಸಂಗ್ರಹಾಲಯವನ್ನು ಅವರು ಸಾವಕಾಶವಾಗಿ ನೋಡಬಹುದು. ಸೋಮವಾರ ರಜೆ ಇರುವುದರಿಂದ ಆ ದಿನವನ್ನು ಬಿಟ್ಟು ಯೋಜಿಸಿ.

ದಸರಾ ಕಾಲವೆಂದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲವೂ ಹೌದು. 2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ಅಪ್ಪಳಿಸಿದ್ದು ಇದೇ ಊರಿಗೆ. ಆದ್ದರಿಂದ ಹೊರಡುವ ವಾರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿಕೊಳ್ಳಿ. ಪ್ರವಾಸವನ್ನು ಮುಂದೂಡಲು ಸಾಧ್ಯವಿದ್ದರೆ ಡಿಸೆಂಬರ್ ಕೊನೆಯ ವಾರವನ್ನೇ ಆರಿಸಿಕೊಳ್ಳಿ. ಆಗ ಬಿಸಿಲು ಹಿತವಾಗಿರುತ್ತದೆ.