"ಊಟ ಆಯಿತೇ ಮೇಡಂ?"

ವಸುಧಾ ಎನ್ನೋಣ. ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಇನ್ನೂ ಒಂದೆರಡು ವಿವರ ಬದಲಿಸಿದ್ದೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಕೆಲಸ ಕಳೆದುಕೊಂಡವರು ಆಪ್ತಸಮಾಲೋಚನೆಗೆ ನನ್ನ ಬಳಿ ಬರುವುದು ಹೊಸದಲ್ಲ. ಈಕೆ ಬೇರೆಯವರನ್ನು ಕೆಲಸದಿಂದ ತೆಗೆದವರು.

ಮಧ್ಯಾಹ್ನ ಊಟ ಸೇರುವುದಿಲ್ಲ ಎಂಬುದು ದೂರು. ಬೆಳಗಿನ ತಿಂಡಿ ಆಗುತ್ತದೆ, ರಾತ್ರಿ ಅನ್ನ ಸಾರೂ ಆಗುತ್ತದೆ. ಒಂದು ಗಂಟೆಗೆ ಡಬ್ಬಿಯ ಮುಚ್ಚಳ ತೆಗೆದರೆ ಮಾತ್ರ ಗಂಟಲು ಕಟ್ಟುತ್ತದೆ. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಕಳಿಸಿದ್ದರು.

ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಅಸಿಡಿಟಿಯದ್ದೇ ಮಾತು. ಆಮೇಲೆ ಕೈಚೀಲದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಲಿನವರು ಬರೆದು ಕಳಿಸಿದ್ದ ಮಾತುಗಳು. ಒಂಬತ್ತು ಜನರಿಗೆ, ಒಬ್ಬೊಬ್ಬರಿಗಾಗಿ, ವಿಡಿಯೊ ಕರೆಯಲ್ಲಿ ಅದನ್ನೇ ಓದಬೇಕಿತ್ತು, ಒಂದಕ್ಷರ ಸೇರಿಸುವಂತಿರಲಿಲ್ಲ. ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಕೊಂಡಿದ್ದರು. ತಲೆಗೆ ನಾಲ್ಕು ನಿಮಿಷ. ಏಳನೆಯವನು ಹಾವೇರಿ ಕಡೆಯ ಹುಡುಗ. ಎಲ್ಲವನ್ನೂ ಕೇಳಿಸಿಕೊಂಡು, "ಆಯಿತು. ನಿಮ್ಮದು ಊಟ ಆಯಿತೇ ಮೇಡಂ?" ಎಂದನಂತೆ. ಆಗ ಗಂಟೆ ಒಂದೂಕಾಲು.

"ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ" ಎಂದರು.

ಬದುಕಿನ ಒಂದೊಂದು ಘಟನೆ ತರುವ ಒತ್ತಡಕ್ಕೂ ಅಂಕ ಕೊಟ್ಟು ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಮಾಡಿದ ಪಟ್ಟಿಯಲ್ಲಿ ಮದುವೆಗೆ 50 ಅಂಕ, ಕೆಲಸದಿಂದ ತೆಗೆಸಿಕೊಳ್ಳುವುದಕ್ಕೆ 47. ತೆಗೆದವರಿಗೆಂದು ಅದರಲ್ಲಿ ಸಾಲೇ ಇಲ್ಲ.

"ನನ್ನದು ತಪ್ಪೇ, ಹೇಳಿ" ಎಂದು ಕೇಳಿದರು. ಇಲ್ಲ ಎಂದುಬಿಡುವುದು ಸುಲಭವಿತ್ತು; ನಾನು ಹಾಗೆನ್ನಲಿಲ್ಲ. ಒಂಬತ್ತು ಎಂಬ ಲೆಕ್ಕ ನಿಮ್ಮದಲ್ಲ, ಹೆಸರುಗಳನ್ನು ಬರೆದವರು ನೀವು. ಆಮೇಲೆ ಐದು ವಾರ ಒಬ್ಬರಿಗೂ ಫೋನ್ ಮಾಡದವರೂ ನೀವೇ ಎಂದೆ. ತುಂಬ ಹೊತ್ತು ಅತ್ತರು. ನಾನು ನಡುವೆ ಬಾಯಿ ಹಾಕಲಿಲ್ಲ.

ಎಲ್ಲರಿಗೂ ಕರೆ ಮಾಡಿ ಕ್ಷಮೆ ಕೇಳುತ್ತೇನೆ ಎಂದು ಹೊರಟರು. ಬೇಡ ಎಂದೆ. ಕೆಲಸ ಹೋದವರ ತಲೆಗೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸವನ್ನೂ ಕಟ್ಟಬೇಡಿ, ಮಾಡುವುದಾದರೆ ಬರಿಗೈಯಲ್ಲಿ ಮಾಡಬೇಡಿ. ಹಾವೇರಿ ಹುಡುಗನ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಕಂಪನಿಯ ಗುಂಪು ವಿಮೆಯಲ್ಲಿ ನಡೆಯುತ್ತಿತ್ತು. ಅವನ ನೋಟಿಸ್ ಅವಧಿ ಮುಗಿಯಲು ಮೂರು ವಾರವಷ್ಟೇ ಇತ್ತು, ಮುಗಿದ ದಿನ ವಿಮೆಯೂ ಹೋಗುತ್ತದೆ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಅವಧಿ ಮುಗಿಯುವವರೆಗೆ ಕಾಯಬಾರದು. ಪಾಲಿಸಿ ವರ್ಷ ಮುಗಿಯುವವರೆಗಾದರೂ ಅವನ ಹೆಸರು ಉಳಿಸಿ ಎಂದು ನಿಮ್ಮ ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿ, ಬಾಯಲ್ಲಲ್ಲ, ಬರೆದು. ಉಳಿದ ಎಂಟು ಜನರಿಗೂ ಹೀಗೆ ಏನು ಬೇಕೆಂದು ನೋಡಿ: ಒಬ್ಬರಿಗೆ ಶಿಫಾರಸು ಪತ್ರ, ಒಬ್ಬರಿಗೆ ಒಂದು ಪರಿಚಯ.

ಅವರ ತಂಡದಲ್ಲಿ ಉಳಿದ ಹದಿನಾಲ್ಕು ಜನರದ್ದು ಇನ್ನೊಂದು ಕತೆ. ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ. ಇನ್ನು ಯಾರನ್ನೂ ತೆಗೆಯುವುದಿಲ್ಲ ಎಂಬ ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಗೊತ್ತಿದ್ದಷ್ಟು ಹೇಳಿ ಎಂದೆ. ಹೋದವರ ಕೆಲಸವನ್ನು ಇವರ ಮೇಲೆ ಹೇರುವ ಮೊದಲು, ಯಾವುದನ್ನು ಕೈಬಿಡಬಹುದೆಂದು ಮೇಲಿನವರಿಂದ ಬರೆಸಿಕೊಳ್ಳಿ ಎಂದೂ ಹೇಳಿದೆ. ರಾತ್ರಿ ತಡೆಯಲಾಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಮೂರನೆಯ ಭೇಟಿಯ ಹೊತ್ತಿಗೆ ಆರು ಜನರೊಂದಿಗೆ ಮಾತಾಗಿತ್ತು. ಇಬ್ಬರು ಫೋನ್ ಎತ್ತಲಿಲ್ಲ. ಒಬ್ಬಾಕೆ ಇಪ್ಪತ್ತು ನಿಮಿಷ ಬೈದರು, ತಡೆದುಕೊಳ್ಳಲು ಆಗಲಿಲ್ಲವಂತೆ. ಹಾವೇರಿ ಹುಡುಗನ ವಿಮೆಯನ್ನು ಮಾರ್ಚ್‌ವರೆಗೆ ಮುಂದುವರಿಸಲು ಕಂಪನಿ ಒಪ್ಪಿತ್ತು.

"ಈ ಸಲವೂ ಕೇಳಿದನೇ?" ಎಂದೆ.

"ಕೇಳಿದ. ಇನ್ನೂ ಇಲ್ಲ ಎಂದೆ. 'ಮಾಡಿ ಮೇಡಂ, ಎರಡು ಗಂಟೆಯಾಯಿತು' ಎಂದ."

ಅಂದು ಅರ್ಧ ಚಪಾತಿ ತಿಂದರಂತೆ. ಮಿಕ್ಕದ್ದು ಡಬ್ಬಿಯಲ್ಲೇ ಮನೆಗೆ ವಾಪಸಾಯಿತು.