ಹಾಲ್ ಗೋಡೆಗೆ ಬಂಗಾರದ ಹಳದಿ ಹೊಡೆಸಬಹುದಾ?

ಪ್ರಶ್ನೆ: ಹಾಸನದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್ 14 ಅಡಿಗೆ 11 ಅಡಿ. ಇರುವುದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಕೆನೆ ಬಣ್ಣದ ಟೈಲ್ಸ್, ಕಂದು ಸೋಫಾ. ಗೋಡೆಗೆ ಬಂಗಾರದ ಹಳದಿ ಹೊಡೆಸಬೇಕು ಅಂತ ನನಗೆ ಆಸೆ. 'ಛತ್ರದ ಊಟದ ಹಾಲ್ ಥರ ಕಾಣುತ್ತೆ' ಅಂತ ನಮ್ಮನೆಯವರ ತಕರಾರು. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಶೇಡ್ ಕಾರ್ಡಿನಲ್ಲಿ ನೀವು ಬೆರಳಿಟ್ಟ ಹಳದಿಯನ್ನೇ ನಾಲ್ಕೂ ಗೋಡೆಗೆ ಹೊಡೆಸಿದರೆ ನಿಮ್ಮ ಮನೆಯವರ ಮಾತು ನಿಜವಾಗುತ್ತದೆ. ಹಳದಿ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಹಾಗಾಗಿ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಬೆಂಕಿಪೊಟ್ಟಣದಷ್ಟು ಚೀಟಿಯಲ್ಲಿ ಮೈಸೂರು ಪಾಕಿನ ಹಾಗೆ ಕಂಡದ್ದು ಗೋಡೆ ತುಂಬಿದಾಗ ಜಹಾಂಗೀರ್ ಆಗಿರುತ್ತದೆ. ಅದಕ್ಕೇ ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಎರಡು ಶೇಡ್ ತಿಳಿಯಾದ, ಸ್ವಲ್ಪ ಮಣ್ಣು ಬೆರೆಸಿದಂತಿರುವ ಹಳದಿ ಆರಿಸಿ. ಅಂಗಡಿಯಲ್ಲಿ 'ಅಯ್ಯೋ, ಇದು ಸಪ್ಪೆ ಅಲ್ವಾ' ಅನ್ನಿಸಬೇಕು. ಅದೇ ಸರಿಯಾದದ್ದು.

ಇನ್ನು ಕಿಟಕಿ. ಉತ್ತರದ ಕಿಟಕಿಗೆ ವರ್ಷದ ಹೆಚ್ಚಿನ ತಿಂಗಳು ನೇರ ಬಿಸಿಲು ಬರುವುದಿಲ್ಲ. ಬರುವುದು ಆಕಾಶದ ಬೆಳಕು, ಅದರಲ್ಲಿ ನೀಲಿ ಜಾಸ್ತಿ. ನಿಂಬೆಹಣ್ಣಿನ ಹಳದಿ ಆ ಬೆಳಕಿನಲ್ಲಿ ಹಸಿರು ತಿರುಗುತ್ತದೆ. ನಿಮಗೆ ಬೇಕಾದದ್ದು ಕೆಂಪಿನ ಕಡೆ ವಾಲಿದ ಹಳದಿ, ಕೆಂಡಸಂಪಿಗೆಯ ಜಾತಿಯದ್ದು, ಆದರೆ ಅಷ್ಟು ಕಡುವಾದದ್ದಲ್ಲ. ಪಶ್ಚಿಮದ ಕಿಟಕಿ ಇದ್ದಿದ್ದರೆ ತಿರುಗಾಮುರುಗಾ ಹೇಳುತ್ತಿದ್ದೆ. ಸಂಜೆ ಬಿಸಿಲಿಗೆ ಕೆಂಪು ಬೆರೆತ ಹಳದಿ ಕಿತ್ತಳೆಯೇ ಆಗಿಬಿಡುತ್ತದೆ.

ರಾತ್ರಿಯ ಬೆಳಕನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ. ವರ್ಷಗಳ ಹಿಂದೆ ನನ್ನ ಬಾಡಿಗೆ ಮನೆಗೆ ಆಸೆಪಟ್ಟು ಹಳದಿ ಹೊಡೆಸಿದೆ. ಹಗಲೆಲ್ಲ ಚೆನ್ನಾಗಿತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದೆ, ಗೋಡೆ ಕಾಮಾಲೆ ಹಿಡಿದವರ ಕಣ್ಣಿನ ಹಾಗಾಯಿತು. ಮತ್ತೆ ಹೊಡೆಸಲು ಪೇಂಟರ್ ಹೇಳಿದ ರೇಟಿಗೆ ಹೆದರಿ, ಸುಮ್ನೆ ಬಲ್ಬ್ ಬದಲಿಸಿ ನೋಡಿದೆ. ಗೋಡೆ ಸರಿಹೋಯಿತು! ಎಲ್‌ಇಡಿ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ, ಅದು ಬೆಳಕಿನ ಬಣ್ಣದ ಅಳತೆ. 6500 ಅಂದರೆ ನೀಲಿ ಬಿಳಿ, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಹಳದಿ ಗೋಡೆಗೆ ಬೇಕಾದದ್ದು 2700ರಿಂದ 3000, ಅಂಗಡಿಯವರು ವಾರ್ಮ್ ವೈಟ್ ಅನ್ನುತ್ತಾರೆ. ಮಕ್ಕಳು ಓದುವ ಮೂಲೆಗೆ ಬೇಕಿದ್ದರೆ ಬೇರೆ ದೀಪ ಇಡಿ.

ಒಂದು ಚಿಕ್ಕ ಸ್ಯಾಂಪಲ್ ಡಬ್ಬಿ ತನ್ನಿ. ದಪ್ಪ ಬಿಳಿ ಡ್ರಾಯಿಂಗ್ ಶೀಟಿಗೆ ಸುತ್ತ ಎರಡು ಇಂಚು ಅಂಚು ಬಿಟ್ಟು ಎರಡು ಕೋಟ್ ಹೊಡೆಯಿರಿ. ಆ ಬಿಳಿ ಅಂಚು ಇಲ್ಲದಿದ್ದರೆ ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಒಣಗಿದ ಮೇಲೆ ಕಿಟಕಿಯ ಎದುರು ಗೋಡೆಗೆ, ಆಮೇಲೆ ಸೋಫಾ ಹಿಂದೆ ಅಂಟಿಸಿ. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿದ ಮೇಲೆ ನೋಡಿ. ಎರಡು ದಿನ ಅಲ್ಲೇ ಇರಲಿ.

'ಒಂದು ಗೋಡೆ ಮಾತ್ರ ಹೈಲೈಟ್ ಮಾಡೋಣ ಮೇಡಂ' ಅಂತ ಪೇಂಟರ್ ಹೇಳೇ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಮೂರು ಬಿಳಿ ಗೋಡೆಯ ನಡುವೆ ಒಂದು ಹಳದಿ ಗೋಡೆ ಫ್ಲೆಕ್ಸ್ ಬೋರ್ಡಿನ ಹಾಗೆ ಕಾಣುತ್ತದೆ. ತಿಳಿಯಾದ ಶೇಡ್ ಆರಿಸಿ ನಾಲ್ಕೂ ಗೋಡೆಗೆ ಹೊಡೆಸಿ. ಸೀಲಿಂಗಿಗೆ ಹಾಲುಬಿಳಿ ಬೇಡ, ಚೂರು ಕೆನೆ ಬೆರೆತ ಬಿಳಿ ಇರಲಿ. ಕೆನೆ ಟೈಲ್ಸ್, ಕಂದು ಸೋಫಾ, ಹಳದಿ ಗೋಡೆ, ಎಲ್ಲವೂ ಒಂದೇ ಮನೆತನದವು. ಹಾಗಾಗಿ ಒಬ್ಬ ಹೊರಗಿನವನು ಬೇಕು, ಅದು ನೀಲಿ. ಫ್ರಾನ್ಸಿನ ಝಿವೆರ್ನಿಯಲ್ಲಿ ಚಿತ್ರಕಾರ ಕ್ಲೋಡ್ ಮೊನೆ 1883ರಿಂದ ಸಾಯುವವರೆಗೂ ಇದ್ದ ಮನೆಯ ಊಟದ ಕೋಣೆ ಪೂರ್ತಿ ಹಳದಿ, ಕುರ್ಚಿ ಕಪಾಟುಗಳೂ ಹಳದಿಯೇ. ಪಕ್ಕದ ಅಡುಗೆಮನೆಗೆ ಮಾತ್ರ ನೀಲಿ ಟೈಲ್ಸ್. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಕಡುನೀಲಿಯ ಎರಡು ದಿಂಬಿನ ಕವರ್, ಒಂದು ಜಮಖಾನ ಸಾಕು.

ಲೆಕ್ಕ: ಸುತ್ತಳತೆ 50 ಅಡಿ, ಎತ್ತರ 10 ಅಂದುಕೊಂಡರೆ 500 ಚದರ ಅಡಿ. ಬಾಗಿಲು ಕಿಟಕಿಗೆ 80 ಕಳೆಯಿರಿ. ಒಂದು ಲೀಟರ್ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಒಂದು ಕೋಟ್‌ಗೆ ಸುಮಾರು 110 ಚದರ ಅಡಿ ಬಂದರೆ, ಎರಡು ಕೋಟ್‌ಗೆ 8 ಲೀಟರ್ ಆಸುಪಾಸು. ಎಲ್ಲವನ್ನೂ ಒಟ್ಟಿಗೆ ಕಲಸಿಸಿ. ಆಮೇಲೆ ತಂದ ಒಂದು ಲೀಟರ್ ಮೊದಲಿನದಕ್ಕೆ ಹೊಂದದಿದ್ದರೆ ತೇಪೆ ಕಾಣುತ್ತದೆ.

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಹಳೆಯ ಹೆಂಚಿನ ಮನೆ. ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ಕಂಬ. ಚಾವಡಿಗೆ ಹಳದಿ ಹೊಂದುತ್ತದೆಯೇ?

ಉತ್ತರ: ಕೆಂಪು ನೆಲ, ಕಡು ಹಳದಿ ಗೋಡೆ. ನವೆಂಬರ್ 1ರ ಆಟೋ ಸ್ಟ್ಯಾಂಡ್ ನೆನಪಾಗುವುದಿಲ್ಲವೇ? ಬಾವುಟ ಚೆಂದ, ಅದರೊಳಗೆ ಸಂಸಾರ ಮಾಡುವುದು ಕಷ್ಟ. ಜೊತೆಗೆ ನೆಲದ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತದೆ. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ ಗೆರೆ. ಗುರಿಗೆ ಕಾಯಿಯ ಹಳದಿ ಅಲ್ಲಲ್ಲಿ ಮಾತ್ರ. ಕೆಂಪು ಜಾಸ್ತಿ ಇದ್ದ ಕಡೆ ಹಳದಿ ಒಗ್ಗರಣೆಯಷ್ಟು ಸಾಕು. ನಿಮ್ಮ ಚಾವಡಿ ಬಿಳಿಯಾಗಿಯೇ ಇರಲಿ, ಗೋಡೆಯ ಗೂಡುಗಳ ಒಳಗೆ ಮಾತ್ರ ಹಳದಿ ಹೊಡೆಸಿ. ದೀಪ ಇಟ್ಟಾಗ ನೋಡಬೇಕು ಅದನ್ನು.

ನಿಮ್ಮ ಕಡೆಯ ಮಳೆಗೆ ಇನ್ನೊಂದು ಮಾತು. ಹಬ್ಬ ಬಂತು ಅಂತ ಅವಸರ ಮಾಡಬೇಡಿ. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪ್ ಹಾಕಿ, ಒಂದು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಹಸಿ ಗೋಡೆಗೆ ಹೊಡೆಸಿದ ಎಮಲ್ಷನ್ ಗುಳ್ಳೆ ಏಳುತ್ತದೆ.

ಪ್ರಶ್ನೆ: ದಾವಣಗೆರೆ. ಬೂದು ಗೋಡೆಯ ಮೇಲೆ ಹಳದಿ ಮೂರು ಕೋಟ್ ಆಯಿತು, ಇನ್ನೂ ತೇಪೆ ತೇಪೆ. ಪೇಂಟರ್ ನೀರು ಜಾಸ್ತಿ ಬೆರೆಸಿದರಾ?

ಉತ್ತರ: ಬೆರೆಸಿರಬಹುದು, ಆದರೆ ತಪ್ಪೆಲ್ಲ ಅವರದ್ದಲ್ಲ. ಥಳಥಳಿಸುವ ಹಳದಿಗೆ ಕೆಳಗಿನ ಬಣ್ಣ ಮುಚ್ಚುವ ಶಕ್ತಿ ಕಡಿಮೆ. ನಾಲ್ಕನೇ ಕೋಟ್‌ಗೆ ದುಡ್ಡು ಸುರಿಯುವ ಮೊದಲು ಒಂದು ಕೋಟ್ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹೊಡೆಸಿ, ಅದಕ್ಕೇ ಸ್ವಲ್ಪ ಹಳದಿ ಬೆರೆಸಲು ಹೇಳಿ. ಅದರ ಮೇಲೆ ಎರಡು ಕೋಟಿನಲ್ಲಿ ಮುಗಿಯುತ್ತದೆ. ಐರನ್ ಆಕ್ಸೈಡ್ ಇರುವ ಮಣ್ಣುಹಳದಿ ಆರಿಸಿದ್ದರೆ ಈ ಗೋಳು ಇರುತ್ತಿರಲಿಲ್ಲ. ಅದು ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೂ ಸುಲಭವಾಗಿ ಮಾಸುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಅಜ್ಜನ ಕಾಲದ ಮನೆ. ಮಗುವಿನ ಕೋಣೆಯ ಕಿಟಕಿ ಸರಳಿಗೆ ಹಳೆಯ ಹಳದಿ ಎನಾಮೆಲ್ ಇದೆ. ಉಜ್ಜಿ ತೆಗೆದು ಹೊಸ ಹಳದಿ ಹೊಡೆಯಲೇ?

ಉತ್ತರ: ಉಜ್ಜಬೇಡಿ! ಹಿಂದೆ ಹಳದಿ ಎನಾಮೆಲ್‌ಗೆ ಬಳಸುತ್ತಿದ್ದ ಕ್ರೋಮ್ ಯೆಲ್ಲೋ ಅಂದರೆ ಲೆಡ್ ಕ್ರೋಮೇಟ್, ಅದರಲ್ಲಿರುವುದು ಸೀಸ, ವಿಷ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾಗಿದ್ದೇ 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ್ದರಲ್ಲಿ ಸೀಸ ಇದೆ ಅಂತಲೇ ತಿಳಿದುಕೊಳ್ಳಿ. ಒಣ ಉಪ್ಪುಕಾಗದ, ಬೆಂಕಿ ಎರಡೂ ಬೇಡ. ಆ ಧೂಳು ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ.

ಬಣ್ಣ ಗಟ್ಟಿಯಾಗಿ ಕೂತಿದ್ದರೆ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಹೊಸ ಬಣ್ಣ ಹೊಡೆಯಿರಿ. ಪದರ ಪದರ ಏಳುತ್ತಿದ್ದರೆ ಕೆಲಸ ಮುಗಿಯುವವರೆಗೆ ಮಗುವನ್ನು, ಮನೆಯಲ್ಲಿ ಬಸುರಿಯರಿದ್ದರೆ ಅವರನ್ನೂ ಬೇರೆ ಕಡೆ ಕಳಿಸಿ. ಆಮೇಲೆ ಪೊರಕೆ ಹಿಡಿಯಬೇಡಿ, ನೆಲವನ್ನು ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ತೊಳೆದು ಮತ್ತೆ ಅಡುಗೆಮನೆಗೆ ತರಬೇಡಿ, ಕವರಿಗೆ ಹಾಕಿ ಕಟ್ಟಿ ಎಸೆದುಬಿಡಿ.