ಪ್ರತಿಕ್ರಿಯೆ: ಕುಂಡದಲ್ಲಿ ಓಡಾಡುವ ಹಳದಿ ಮುದ್ದೆ

ಮಳೆ ಬಂದ ಮೇಲೆ ಕುಂಡದ ಮರದ ಚೂರುಗಳ ಮೇಲೆ ಹಳದಿ ನೊರೆ ಕಾಣಿಸಿತು, ಬೆಳಗಾಗುವಷ್ಟರಲ್ಲಿ ಜಾಗ ಬದಲಿಸಿತು, ಫಂಗಸ್ ಔಷಧಿ ಹೊಡೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಅದು ಸ್ಲೈಮ್ ಮೋಲ್ಡ್, ಬಹುಶಃ ಫುಲಿಗೋ ಸೆಪ್ಟಿಕಾ. ಫಂಗಸ್ ಅಲ್ಲವೇ ಅಲ್ಲ, ಅಮೀಬಾದ ಬಳಗ.

ಮಜಾ ಏನು ಗೊತ್ತಾ? ತೆವಳುವ ಆ ಮುದ್ದೆಯಿಡೀ ಒಂದೇ ಜೀವಕೋಶ! ಒಳಗೆ ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್‌ಗಳು, ನಡುವೆ ಒಂದು ಗೋಡೆಯೂ ಇಲ್ಲ. ಬ್ಯಾಕ್ಟೀರಿಯಾಗಳನ್ನು ನುಂಗುತ್ತಾ ಹೋಗುತ್ತದೆ, ಗಿಡವನ್ನು ತಿನ್ನುವುದಿಲ್ಲ. ಇದರ ನೆಂಟ ಫೈಸಾರಮ್ ಇನ್ನೂ ಜಾಣ. ಟೋಕಿಯೋ ಸುತ್ತಲಿನ ಊರುಗಳಿರುವ ಹಾಗೆ ಓಟ್ಸ್ ಇಟ್ಟರೆ, ಅಲ್ಲಿನ ರೈಲು ಜಾಲವನ್ನೇ ಹೋಲುವ ಜಾಲ ಹೆಣೆಯಿತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಅದು. ಮಿದುಳಿಲ್ಲದೆ ಇಷ್ಟು!

ನಿಮ್ಮದು ಇನ್ನು ಓಡಾಟ ನಿಲ್ಲಿಸಿ ಗಟ್ಟಿಯಾಗುತ್ತದೆ, ಒಳಗೆ ಕಪ್ಪು-ಕಂದು ಪುಡಿ ತುಂಬುತ್ತದೆ. ಅವೇ ಬೀಜಕಗಳು. ಗಾಳಿಯಲ್ಲಿ ಹಾರಿ, ತೇವ ಸಿಕ್ಕಲ್ಲಿ ಒಡೆದು, ಹೊರಬಂದ ಪುಟ್ಟ ಕೋಶಗಳು ಜೋಡಿಯಾಗಿ ಸೇರಿದರೆ ಮತ್ತೆ ಮುದ್ದೆ ಶುರು.

ಮನೆಯಲ್ಲಿ ಅಲರ್ಜಿ, ಅಸ್ತಮಾ ಇರುವವರಿದ್ದರೆ ಪುಡಿಯಾಗುವ ಮೊದಲೇ ಸೌಟಿನಲ್ಲಿ ಎತ್ತಿ ಬಿಸಾಡಿ. ಪೈಪಿನಿಂದ ನೀರು ಮಾತ್ರ ಹೊಡೆಯಬೇಡಿ, ಇನ್ನೂ ಜಾಸ್ತಿ ಹರಡುತ್ತದೆ.